ದೋಣಿಗೂ ಒಂದು ಕಿರ್ದಿ ಪುಸ್ತಕ ಬೇಕು

ದೀಪಾವಳಿಯ ದಿನ ಅಹಮದಾಬಾದ್, ವಡೋದರ, ಸೂರತ್‌ಗಳ ಪೇಟೆಬೀದಿಗಳಲ್ಲಿ ಚೋಪಡಾ ಪೂಜೆ ನಡೆಯುತ್ತದೆ. ಚೋಪಡಾ ಎಂದರೆ ಕೆಂಪು ರಟ್ಟಿನ ಲೆಕ್ಕದ ಪುಸ್ತಕ; ಕನ್ನಡದ ಅಂಗಡಿಗಳಲ್ಲಿ ಕಿರ್ದಿ ಎನ್ನುವುದು ಅದನ್ನೇ. ಈಚೆಗೆ ಪುಸ್ತಕದ ಪಕ್ಕದಲ್ಲಿ ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚುತ್ತಾರೆ. ಪೂಜೆಯ ಅರ್ಥ ಬದಲಾಗಿಲ್ಲ: ಬಂದದ್ದು, ಹೋದದ್ದು ಎರಡನ್ನೂ ಬರೆದಿಡುವವನಿಗೆ ಮಾತ್ರ ವ್ಯಾಪಾರ ದಕ್ಕುತ್ತದೆ.

ಇಂಥ ಊರಿನಲ್ಲಿ ಒಬ್ಬರು ಶೆಡ್ಡು ಬಾಡಿಗೆ ಹಿಡಿದು, ಕಡಲಯಾನಕ್ಕೆಂದು ಕ್ಯಾಟಮರಾನ್ ಕಟ್ಟಲು ಹೊರಟರು ಎಂದುಕೊಳ್ಳಿ. ವಿದೇಶದ ವಿನ್ಯಾಸಕಾರರಿಂದ ಹಣ ಕೊಟ್ಟು ನಕ್ಷೆ ತರಿಸಿದ್ದಾರೆ. ಖರ್ಚಿನ ಲೆಕ್ಕವನ್ನು ಪೈಸೆಪೈಸೆಗೂ ಇಡುತ್ತಾರೆ. ಆದರೆ ನಕ್ಷೆಯಲ್ಲಿ ಮಾಡಿದ ಬದಲಾವಣೆಗಳಿಗೆ, ಅವು ತಂದ ತೂಕಕ್ಕೆ ಲೆಕ್ಕವೇ ಇರುವುದಿಲ್ಲ. ಮನೆಯಲ್ಲಿ ಕಟ್ಟುವ ದೋಣಿಗಳ ನಿಜವಾದ ಅಪಾಯ ಇಲ್ಲಿದೆ. ವಿನ್ಯಾಸ ಬದಲಿಸುವುದು ತಪ್ಪಲ್ಲ. ಲೆಕ್ಕಕ್ಕೆ ಹಾಕದೆ ಬದಲಿಸುವುದು ತಪ್ಪು.

ಕ್ಯಾಟಮರಾನ್ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಇಂಗ್ಲಿಷಿಗೆ ಹೋದದ್ದು. ಕೋರಮಂಡಲ ತೀರದ ಕಟ್ಟುಮರ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ತೆಪ್ಪ. ಈಗ ಆ ಹೆಸರು ಹೊತ್ತಿರುವುದು ಎರಡು ಕಿರಿದಾದ ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸಿದ, ಪೆಸಿಫಿಕ್ ದ್ವೀಪಗಳ ಜಾತಿಯ ದೋಣಿ. ಅದನ್ನು ಸಾಮಾನ್ಯರ ಹಿತ್ತಲಿಗೆ ತಂದವರು ಇಂಗ್ಲೆಂಡಿನ ಜೇಮ್ಸ್ ವಾರಮ್. 1954ರಲ್ಲಿ ಅವರು ಕಟ್ಟಿದ ‘ತಂಗರೋವಾ’ದ ಉದ್ದ ಇಪ್ಪತ್ತನಾಲ್ಕು ಅಡಿಯೂ ಇರಲಿಲ್ಲ. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳ ಜೊತೆ ಅಟ್ಲಾಂಟಿಕ್ ದಾಟಿ ಟ್ರಿನಿಡಾಡ್ ಸೇರಿದರು. ಅಲ್ಲಿಯೇ ಇನ್ನೊಂದು ದೋಣಿ ಕಟ್ಟಿ, 1959ರಲ್ಲಿ ನ್ಯೂಯಾರ್ಕಿನಿಂದ ಐರ್ಲೆಂಡಿಗೆ ಬಂದರು. ಮುಂದೆ ಸಾವಿರಾರು ಜನ ಅವರ ನಕ್ಷೆ ಕೊಂಡರು. ಬಡಗಿಯೂ ಅಲ್ಲದ, ಎಂಜಿನಿಯರೂ ಅಲ್ಲದ ಮನುಷ್ಯ ಪ್ಲೈವುಡ್ಡು, ಎಪಾಕ್ಸಿ ಅಂಟು, ಗಾಜಿನ ನಾರಿನ ಬಟ್ಟೆಯಿಂದ ಸಮುದ್ರಕ್ಕೆ ಹೋಗಬಲ್ಲ ದೋಣಿ ಮಾಡಿಕೊಳ್ಳಬಹುದು ಎಂಬ ನಂಬಿಕೆ ಬೆಳೆದದ್ದು ಹಾಗೆ.

ಈ ಬಗೆಯ ದೋಣಿ ಗುಜರಾತಿಗೆ ಒಪ್ಪುತ್ತದೆ. ಖಂಭಾತ್ ಕೊಲ್ಲಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಭಾವನಗರದ ಬಳಿ ನೀರು ಹತ್ತು ಮೀಟರಿನಷ್ಟು ಏರಿಳಿಯುತ್ತದೆ. ನೀರು ಇಳಿದಾಗ ಆಳವಾದ ಅಡಿಯಿರುವ ಹಾಯಿದೋಣಿ ಕೆಸರಿನಲ್ಲಿ ಮಗ್ಗುಲಿಗೆ ಬೀಳುತ್ತದೆ. ಎರಡೊಡಲಿನದು ನೆಟ್ಟಗೆ ಕೂತು ಮುಂದಿನ ಉಬ್ಬರಕ್ಕೆ ಕಾಯುತ್ತದೆ. ಸಾಮಗ್ರಿಗೂ ಬರವಿಲ್ಲ. ವಲ್ಸಾಡಿನ ಬಳಿಯ ಅತುಲ್ ಕಾರ್ಖಾನೆಯಲ್ಲಿ ಎಪಾಕ್ಸಿ ತಯಾರಾಗುತ್ತದೆ, ವಡೋದರದ ಸುತ್ತ ಗಾಳಿಯಂತ್ರಗಳ ನಾರಿನ ರೆಕ್ಕೆ ಎರೆಯುವ ಕೆಲಸ ಬಲ್ಲವರಿದ್ದಾರೆ. ಅಹಮದಾಬಾದಿನಲ್ಲಿ ಸಾಬರಮತಿಯ ಮೇಲೆ 2023ರಲ್ಲಿ ಶುರುವಾದ ವಿಹಾರನೌಕೆಯೂ ಎರಡೊಡಲಿನದೇ. ಆಸೆ ಹುಟ್ಟಲು ಇಷ್ಟು ಸಾಕು.

ಆಸೆಯ ಹಿಂದೆಯೇ ಬದಲಾವಣೆಗಳು ಬರುತ್ತವೆ. ಮೊದಲನೆಯದನ್ನು ಬದಲಾವಣೆ ಎಂದು ಯಾರೂ ಗುರುತಿಸುವುದೇ ಇಲ್ಲ. ಯುರೋಪಿನ ನಕ್ಷೆಗಳು ಸಾಮಾನ್ಯವಾಗಿ ಒಕೂಮೆ ಎಂಬ ಹಗುರ ಮರದ ಪ್ಲೈವುಡ್ ಕೇಳುತ್ತವೆ. ಹನ್ನೆರಡು ಮಿಲಿಮೀಟರಿನ ಎಂಟು–ನಾಲ್ಕು ಅಡಿ ಹಾಳೆ ಅಂದಾಜು 16–17 ಕಿಲೋ ತೂಗುತ್ತದೆ. ಇಲ್ಲಿನ ಅಂಗಡಿಯಲ್ಲಿ ಸಿಗುವುದು ಐಎಸ್ 710 ಗುರುತಿನ ಮರೀನ್ ಪ್ಲೈ. ಒಳ್ಳೆಯ ಮಾಲೇ, ನೀರಿಗೆ ಜಗ್ಗುವುದಿಲ್ಲ. ಆದರೆ ಗಟ್ಟಿಮರದ್ದಾದ್ದರಿಂದ ಅದೇ ಹಾಳೆ 25 ಕಿಲೋ ಹತ್ತಿರ ಬರುತ್ತದೆ. ನೂರು ಹಾಳೆ ಹಿಡಿಯುವ ದೋಣಿಯಲ್ಲಿ ಸುಮಾರು 800 ಕಿಲೋ ಹೆಚ್ಚಾಯಿತು. ನಕ್ಷೆಯ ಒಂದು ಗೆರೆಯನ್ನೂ ತಿದ್ದಿಲ್ಲ, ವಿನ್ಯಾಸ ಮಾತ್ರ ಬದಲಾಗಿಹೋಗಿದೆ.

800 ಕಿಲೋ ದೊಡ್ಡದೇ? ಲಾರಿಗೆ ಅಲ್ಲ. ಅಗಲವಾದ ಒಂಟಿ ಒಡಲಿನ ದೋಣಿಗೂ ಅಷ್ಟಾಗಿ ಅಲ್ಲ. ಕ್ಯಾಟಮರಾನಿನ ಒಡಲು ಕಿರಿದು, ಅದರ ವೇಗದ ಗುಟ್ಟೂ ಅದೇ. ನೀರಿನ ಮಟ್ಟದಲ್ಲಿ ಹತ್ತು ಮೀಟರ್ ಉದ್ದ, ಎಂಬತ್ತು ಸೆಂಟಿಮೀಟರ್ ಅಗಲದ ಎರಡು ಒಡಲುಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ, ಸುಮಾರು 115 ಕಿಲೋಗೆ ದೋಣಿ ಒಂದು ಸೆಂಟಿಮೀಟರ್ ಮುಳುಗುತ್ತದೆ. 800 ಕಿಲೋಗೆ ಏಳು ಸೆಂಟಿಮೀಟರ್. ಎರಡು ಒಡಲುಗಳ ನಡುವಿನ ವೇದಿಕೆ ಅಷ್ಟು ಕೆಳಗಿಳಿಯುತ್ತದೆ. ಅದುವರೆಗೆ ಅಡಿಯಲ್ಲಿ ಹಾದುಹೋಗುತ್ತಿದ್ದ ಅಲೆ ಈಗ ತಳಕ್ಕೆ ಬಡಿಯಲು ಶುರುವಾಗುತ್ತದೆ. ರಾತ್ರಿಯಿಡೀ ಸುತ್ತಿಗೆಯಿಂದ ಹೊಡೆದಂಥ ಸದ್ದು. ತೊಲೆಗಳ ಬೆಸುಗೆಗೆ ಲೆಕ್ಕವಿಲ್ಲದಷ್ಟು ಪೆಟ್ಟು.

ಎರಡನೆಯದು ತಲೆ ತಾಗುವ ಸಮಸ್ಯೆ. ಮೂವತ್ತು ಅಡಿಯ ದೋಣಿಯ ನಡುವೇದಿಕೆಯ ಮೇಲೆ ಆರಡಿ ಎತ್ತರದ ಕೋಣೆ ಬೇಕು ಎನಿಸುವುದು ಸಹಜ. ಮನೆಯವರನ್ನು ಒಪ್ಪಿಸಲೂ ಅದು ಬೇಕಾಗುತ್ತದೆ. ಆದರೆ ಎತ್ತರಿಸಿದ ಕೋಣೆ ಗಾಳಿಗೆ ಇನ್ನೊಂದು ಹಾಯಿಯಂತೆ. ಮಡಚಲಾಗದ ಹಾಯಿ ಅದು. ಬಿರುಗಾಳಿಯಲ್ಲಿ ಬಟ್ಟೆಯ ಹಾಯಿ ಇಳಿಸಬಹುದು, ಪ್ಲೈವುಡ್ ಗೋಡೆಯನ್ನಲ್ಲ.

ಮೂರನೆಯದು ಉದ್ದ. ‘ನಕ್ಷೆಯನ್ನು ಹತ್ತು ಶೇಕಡಾ ದೊಡ್ಡದು ಮಾಡಿದರಾಯಿತು’ ಎನ್ನುವವರಿದ್ದಾರೆ. ಎಲ್ಲ ಅಳತೆಗಳನ್ನೂ ಹತ್ತು ಶೇಕಡಾ ಹಿಗ್ಗಿಸಿದರೆ ಹಾಯಿಯ ವಿಸ್ತೀರ್ಣ 21 ಶೇಕಡಾ, ತೂಕ 33 ಶೇಕಡಾ, ಮಗುಚದಂತೆ ತಡೆಯುವ ಬಲ 46 ಶೇಕಡಾ ಏರುತ್ತದೆ. ಎಲ್ಲವೂ ಒಂದೇ ಮೆಟ್ಟಿಲಲ್ಲಿ ಏರುವುದಿಲ್ಲ ಎಂಬುದೇ ಇಲ್ಲಿಯ ತೊಡಕು. ಹಳೆಯ ನಕ್ಷೆಯ ಬೋಲ್ಟು, ತಂತಿ, ತೊಲೆಗಳನ್ನು ಕಣ್ಣಂದಾಜಿನಲ್ಲಿ ಒಂದು ಸೈಜು ದಪ್ಪ ಮಾಡಿದರೆ ಸಾಲುತ್ತದೆಯೋ ಇಲ್ಲವೋ, ಲೆಕ್ಕ ಹಾಕದೆ ಹೇಳಲಾಗದು.

‘ತೂಕ ಹೆಚ್ಚಾದರೆ ದೋಣಿ ಇನ್ನೂ ಭದ್ರವಲ್ಲವೇ?’ ಎಂಬ ಪ್ರಶ್ನೆ ಎಲ್ಲರಿಗಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವುದು. ಅರ್ಧ ನಿಜ. ಗಾಳಿಯ ಕಡೆಯ ಒಡಲನ್ನು ಮೇಲೆತ್ತಲು ಬೇಕಾಗುವ ಬಲ ದೋಣಿಯ ತೂಕದೊಂದಿಗೆ ಏರುತ್ತದೆ. ಐದು ಟನ್ನಿನ ದೋಣಿ ಆರೂವರೆ ಟನ್ ಆದರೆ ಅದು ಮಗುಚಲು ಮೂವತ್ತು ಶೇಕಡಾ ಹೆಚ್ಚು ಬಲ ಬೇಕು. ಒಡಲು ಏಳುವುದಕ್ಕೆ ಮುಂಚೆ ಅಷ್ಟೂ ಬಲವನ್ನು ಹಾಯಿಕಂಬ, ಅದನ್ನು ಹಿಡಿದ ತಂತಿಗಳು, ತಂತಿ ಕಚ್ಚಿದ ಕೊಂಡಿಗಳು, ಅಡ್ಡತೊಲೆಗಳು ಹೊರಬೇಕು. ಅವು ಐದು ಟನ್ನಿಗೆ ಲೆಕ್ಕ ಹಾಕಿದವು. ಹಗುರ ದೋಣಿ ಒಡಲೆತ್ತಿ ಎಚ್ಚರಿಸುತ್ತದೆ. ಭಾರದ ದೋಣಿ ಎಚ್ಚರಿಸದೆ ಕಂಬ ಮುರಿಯುತ್ತದೆ. ಜೊತೆಗೆ, ಕ್ಯಾಟಮರಾನ್ ಒಮ್ಮೆ ಮಗುಚಿದರೆ ತಾನಾಗಿ ಮೇಲೇಳುವುದಿಲ್ಲ. ತಲೆಕೆಳಗಾಗಿಯೂ ಅದು ಅಷ್ಟೇ ಸ್ಥಿರ.

ಇದಕ್ಕೆ ಗುಜರಾತಿನಿಂದಲೇ ಒಂದು ಗಟ್ಟಿಯಾದ ಎದುರುವಾದ ಬರುತ್ತದೆ. ಕಚ್ಛದ ಮಾಂಡವಿಯಲ್ಲಿ ರುಕ್ಮಾವತಿ ನದಿಯ ದಡದಲ್ಲಿ ಮಿಸ್ತ್ರಿಗಳು ಕಾಗದದ ನಕ್ಷೆಯಿಲ್ಲದೆ ದೊಡ್ಡ ಮರದ ಹಡಗು ಕಟ್ಟುತ್ತಾರೆ. ಸೂರತ್ತಿನ ಬಡಗಿ ಲವ್ಜಿ ನಸರ್ವಾನ್‌ಜಿ ವಾಡಿಯಾ 1736ರಲ್ಲಿ ಮುಂಬಯಿಗೆ ಹೋದರು. ಅವರ ಮನೆತನ ಕಟ್ಟಿದ ‘ಟ್ರಿಂಕಮಲೀ’ 1817ರದು, ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಸೌರಾಷ್ಟ್ರದಲ್ಲಿ ಬುಲೆಟ್ ಬೈಕಿನ ಮುಂಭಾಗಕ್ಕೆ ಗಾಡಿ ಜೋಡಿಸಿ ಛಕಡೋ ಮಾಡಿದವರೂ ಯಾರ ಅನುಮತಿಗೂ ಕಾಯಲಿಲ್ಲ. ಕೈಗೆ ಗೊತ್ತಿರುವುದು ಕಾಗದಕ್ಕೆ ಗೊತ್ತಿರಬೇಕಿಲ್ಲ ಎಂಬ ವಾದ.

ವಾದದಲ್ಲಿ ಹುರುಳಿದೆ, ಆದರೆ ಅದು ಸಲ್ಲುವುದು ಬೇರೆಯವರಿಗೆ. ಮಾಂಡವಿಯ ಮಿಸ್ತ್ರಿ ಕಟ್ಟುವುದು ಒಂದು ಹಡಗಲ್ಲ. ಅಪ್ಪ ಕಟ್ಟಿದ್ದು ಎಲ್ಲಿ ಸೋರಿತು, ಅಜ್ಜ ಕಟ್ಟಿದ್ದು ಯಾವ ಅಲೆಗೆ ನರಳಿತು ಎಂಬುದನ್ನು ಬಂದರಿಗೆ ಮರಳಿದ ನಾಖ್ವಾ ಹೇಳಿರುತ್ತಾನೆ. ಮುಂದಿನ ಹಡಗಿನಲ್ಲಿ ಒಂದು ಬೆರಳಗಲ ತಿದ್ದುತ್ತಾರೆ, ಒಂದು ಮೊಳ ಅಲ್ಲ. ಅವರ ಕಿರ್ದಿ ಕಾಗದದ ಮೇಲಿಲ್ಲ, ತಲೆಮಾರುಗಳ ನೆನಪಿನಲ್ಲಿದೆ. ಛಕಡೋ ಕೆಟ್ಟರೆ ರಸ್ತೆ ಬದಿಗೆ ನಿಲ್ಲಿಸಿ ಚಹಾ ಕುಡಿಯಬಹುದು. ಶೆಡ್ಡಿನ ಹವ್ಯಾಸಿ ಬದುಕಿನಲ್ಲಿ ಒಂದೇ ದೋಣಿ ಕಟ್ಟುತ್ತಾನೆ. ಅವನ ಮೊದಲ ತಪ್ಪು ತಿಳಿಯುವುದು ದಡ ಕಾಣದ ಕಡೆ.

1968ರ ಗೋಲ್ಡನ್ ಗ್ಲೋಬ್ ಸ್ಪರ್ಧೆ, ಒಂಟಿಯಾಗಿ ಎಲ್ಲಿಯೂ ನಿಲ್ಲದೆ ಭೂಮಿ ಸುತ್ತುವುದು, ಈ ಮಾತಿಗೆ ಮೂರು ಸಾಕ್ಷಿ ಕೊಟ್ಟಿತು. ಡೊನಾಲ್ಡ್ ಕ್ರೋಹರ್ಸ್ಟ್ ಆರಿಸಿದ್ದು ಆರ್ಥರ್ ಪೈವರ್ ವಿನ್ಯಾಸದ, ನಲವತ್ತು ಅಡಿಯ, ಮೂರೊಡಲಿನ ವಿಕ್ಟ್ರೆಸ್. ಅದಕ್ಕೆ ತಮ್ಮದೇ ಮಾರ್ಪಾಡು ಸೇರಿಸಿದರು: ಕೋಣೆ ತಗ್ಗಿಸಿದರು, ಮಗುಚಿದರೆ ಎತ್ತಲೆಂದು ಕಂಬದ ತುದಿಗೆ ಗಾಳಿಚೀಲ ಕಟ್ಟಿಸಿದರು. ಚೀಲವನ್ನು ಊದಿಸಬೇಕಿದ್ದ ಯಂತ್ರ ಮುಗಿಯುವ ಮುಂಚೆಯೇ ಗಡುವು ಬಂತು. ಅಕ್ಟೋಬರ್ 31ರಂದು ಹೊರಟ ದೋಣಿ ಮುಂದಿನ ಜುಲೈನಲ್ಲಿ ನಡುಗಡಲಲ್ಲಿ ಸಿಕ್ಕಿತು, ಯಜಮಾನ ಅದರಲ್ಲಿರಲಿಲ್ಲ. ಅದೇ ವಿನ್ಯಾಸದ ದೋಣಿಯಲ್ಲಿ ಹೊರಟ ನೈಜೆಲ್ ಟೆಟ್ಲಿ ಬಹುತೇಕ ಸುತ್ತು ಮುಗಿಸಿದ್ದರು. ವಿಹಾರಕ್ಕೆಂದು ಮಾಡಿದ್ದ ದೋಣಿಯನ್ನು ಸ್ಪರ್ಧೆಗೆ ದುಡಿಸಿದ್ದರಿಂದ 1969ರ ಮೇ ತಿಂಗಳಲ್ಲಿ ಅದು ಬಿಚ್ಚಿಕೊಂಡು ಮುಳುಗಿತು; ಅವರು ಬದುಕಿಕೊಂಡರು.

ಗೆದ್ದದ್ದು ಮುಂಬಯಿಯಲ್ಲಿ ಭಾರತೀಯ ಬಡಗಿಗಳು ತೇಗದಲ್ಲಿ ಕಟ್ಟಿದ, ಮೂವತ್ತೆರಡು ಅಡಿಯ ‘ಸುಹೈಲಿ’. ಅದು ಒಂಟಿ ಒಡಲಿನದು. ರಾಬಿನ್ ನಾಕ್ಸ್–ಜಾನ್‌ಸ್ಟನ್ ಬಯಸಿದ್ದ ನಕ್ಷೆ ಅದಲ್ಲ. ಕೈಗೆ ಬಂದದ್ದು ದಶಕಗಳ ಹಿಂದಿನ, ಭಾರವಾದ, ನಿಧಾನದ ವಿನ್ಯಾಸ. ಅದನ್ನು ವೇಗದ ದೋಣಿಯನ್ನಾಗಿ ತಿರುಚಲು ಹೋಗದೆ ಅದು ಏನೋ ಅದನ್ನೇ ಕಟ್ಟಿಸಿದರು. 312 ದಿನಗಳ ನಂತರ ಮನೆ ತಲುಪಿದರು.

ಲೆಕ್ಕದ ವಿಷಯ ಸಾಹಸಿಗಳಿಗೆ ಮಾತ್ರ ಸೇರಿದ್ದಲ್ಲ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ ಹನ್ನೆರಡು ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಮಿತಿಗಿಂತ ಹೆಚ್ಚು ಜನ ಹತ್ತಿದ್ದರು, ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇರಲಿಲ್ಲ. ಅದು ಮನೆಯಲ್ಲಿ ಕಟ್ಟಿದ ದೋಣಿಯಲ್ಲ, ಕಡಲೂ ಅಲ್ಲ. ಆದರೂ ಅಲ್ಲಿ ಮೀರಿದ್ದು ಇದೇ ನಿಯಮವನ್ನು: ದೋಣಿಯೊಂದು ಹೊರಬಲ್ಲದ್ದು ಇಷ್ಟು ಎಂಬ ಅಂಕಿಯನ್ನು. ‘ಇನ್ನೊಬ್ಬರು ಹತ್ತಲಿ’ ಎನ್ನುವುದೂ ‘ಇನ್ನೊಂದು ಟ್ಯಾಂಕು ಇಡೋಣ’ ಎನ್ನುವುದೂ ಒಂದೇ ಬಾಯಿಯ ಮಾತು. ಹವ್ಯಾಸಿಯ ದೋಣಿಯಲ್ಲೂ ಹೆಂಡತಿ, ಮಕ್ಕಳು, ಗೆಳೆಯರು ಹತ್ತುತ್ತಾರೆ. ಅವರು ಬದಲಾವಣೆಗಳಿಗೆ ಒಪ್ಪಿಗೆ ಕೊಟ್ಟವರಲ್ಲ.

ಹಾಗಾದರೆ ನಕ್ಷೆಯನ್ನು ಮುಟ್ಟಲೇಬಾರದೇ? ಮುಟ್ಟಬೇಕು. ಇಲ್ಲಿನ ಕೆಸರಿನಲ್ಲಿ ದಿನಕ್ಕೆರಡು ಸಲ ಕೂರಬೇಕಾದ ದೋಣಿಯ ಅಡಿಗೆ ಸವೆದಾಗ ಬದಲಿಸಬಹುದಾದ ಗಟ್ಟಿಮರದ ಪಟ್ಟಿ ಬೇಕು. ಇಲ್ಲಿನ ಬಿಸಿಲಿಗೆ ನೆರಳಿನ ಬಟ್ಟೆ, ಗಾಳಿಕಿಂಡಿ ಬೇಕು. ಅಹಮದಾಬಾದಿನ ಮೇ ತಿಂಗಳ ಸೆಕೆಯಲ್ಲಿ ಎಪಾಕ್ಸಿ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ; ನಿಧಾನವಾಗಿ ಬಲಿಯುವ ಗಟ್ಟಿಕಾರಕ ಬಳಸುವುದು, ಬೆಳಗಿನ ಜಾವ ಕೆಲಸ ಮಾಡುವುದು ಜಾಣತನ. ಇವು ದೋಣಿ ಓಡಾಡುವ ಜಾಗ ಕೇಳುವ ಮಾರ್ಪಾಡುಗಳು. ಎತ್ತರದ ಕೋಣೆ, ಉದ್ದನೆಯ ಕಂಬ, ಜನರೇಟರು, ಏಸಿ ಇವು ಶೆಡ್ಡಿನಲ್ಲಿ ಕೂತಾಗ ಹುಟ್ಟುವ ಆಸೆಗಳು. ವಾರಮ್ ಅವರ ಟಿಕಿ ಮಾಲಿಕೆಯ ದೋಣಿಗಳಲ್ಲಿ ತೊಲೆಗಳನ್ನು ಒಡಲಿಗೆ ಹಗ್ಗದಿಂದ ಬಿಗಿಯುತ್ತಾರೆ. ಅದನ್ನು ಕಂಡು ‘ಹಗ್ಗವೇ?’ ಎಂದು ಮೂಗು ಮುರಿದು ಉಕ್ಕಿನ ಬೋಲ್ಟು ಹಾಕುವವರು, ಆ ಕಟ್ಟು ಅಲೆಗೆ ತುಸು ಬಾಗಲೆಂದೇ ಇದೆ, ಬೋಲ್ಟಿನ ತೂತಿಗೆ ಎಲ್ಲ ಒತ್ತಡ ಬಂದು ಸೇರುತ್ತದೆ ಎಂಬುದನ್ನು ಮರೆಯುತ್ತಾರೆ.

ಮಾದರಿಯೂ ಕಣ್ಣೆದುರಿಗಿದೆ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’, ಅಜಂತಾದ ಚಿತ್ರವೊಂದನ್ನು ಆಧರಿಸಿ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಡಗು. ಅದಕ್ಕೆ ಹಳೆಯ ನಕ್ಷೆಯೇ ಇರಲಿಲ್ಲ. ಹಾಗೆಂದು ಕಣ್ಣಂದಾಜಿಗೆ ಬಿಡಲಿಲ್ಲ. ಮದರಾಸಿನ ಐಐಟಿಯಲ್ಲಿ ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಿದರು. ಹೊಲಿಗೆಯ ಕೈ ಕೇರಳದ ಮಿಸ್ತ್ರಿಗಳದು, ಲೆಕ್ಕ ಪ್ರಯೋಗಾಲಯದ್ದು. ಎರಡಕ್ಕೂ ಜಗಳವಾಗಲಿಲ್ಲ.

ಶೆಡ್ಡಿನವರಿಗೆ ಐಐಟಿ ಬೇಕಿಲ್ಲ. ಒಂದು ಪುಸ್ತಕ, ಒಂದು ತಕ್ಕಡಿ ಸಾಕು. ಒಳಗೆ ಬಂದ ಪ್ರತಿ ಹಾಳೆ, ಪ್ರತಿ ಡಬ್ಬಿ ಅಂಟು ತೂಗಿ ಒಂದು ಪುಟದಲ್ಲಿ. ಕತ್ತರಿಸಿ ಎಸೆದದ್ದು ಎದುರು ಪುಟದಲ್ಲಿ. ಬದಲಾವಣೆ ಮಾಡುವ ಮುನ್ನ ವಿನ್ಯಾಸಕಾರರಿಗೆ ಒಂದು ಪತ್ರ. ಬಂದ ಉತ್ತರ ಅದೇ ಪುಸ್ತಕದಲ್ಲಿ ಅಂಟಿಸಬೇಕು. ಒಂದು ಕಡೆ ಹತ್ತು ಕಿಲೋ ಏರಿಸಿದರೆ ಇನ್ನೊಂದು ಕಡೆ ಹತ್ತು ಕಿಲೋ ಇಳಿಸಬೇಕು, ಜಮಾ–ಖರ್ಚು ಸರಿದೂಗುವ ಹಾಗೆ. ಕೊನೆಗೆ ಒಡಲುಗಳನ್ನು ಒಂದೊಂದಾಗಿ ಟ್ರೇಲರಿನ ಮೇಲೆ ಸೂರತ್ತಿನ ಕಡೆ ಸಾಗಿಸುವಾಗ ಹೆದ್ದಾರಿಯಲ್ಲಿ ವೇಬ್ರಿಡ್ಜುಗಳು ಸಿಗುತ್ತವೆ. ಹತ್ತಿ ತೂಗುವ, ಕಬ್ಬಿಣ ತೂಗುವ ಆ ತಕ್ಕಡಿಯ ಮೇಲೆ ಒಡಲನ್ನೂ ಹತ್ತಿಸಿ ಚೀಟಿ ಪಡೆಯಬೇಕು. ಚೀಟಿಯ ಅಂಕಿ ನಕ್ಷೆಯ ಅಂಕಿಗಿಂತ ತೀರ ಹೆಚ್ಚಿದ್ದರೆ, ಸಮುದ್ರ ನೋಡುವ ಮುಂಚೆ ಶೆಡ್ಡಿಗೆ ಹಿಂದಿರುಗುವ ಧೈರ್ಯ ಬೇಕು.