ತಾರೀಖು ಕೇಳುತ್ತಾ ಕೂತಿದ್ದ ಕಂಪ್ಯೂಟರು

ಪಿನ್ನು ಸರಿಯಾಗಿ ಕೂತರೆ ಚಿತ್ರ ಬರ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಎಚ್‌ಡಿಎಂಐ ಚುಚ್ಚು, ಸ್ವಿಚ್ ಹಾಕು, ಮುಗೀತು. ಬರದಿದ್ದರೆ ಕೇಬಲ್ ಬದಲಿಸು. ಆ ತಂತಿಯೊಳಗೆ ಎಂಥ ಹೋಗ್ತದೆ ಅಂತ ಪರೀಕ್ಷೆಯಲ್ಲಿ ಬಿಟ್ಟರೆ ಬೇರೆಲ್ಲೂ ನಮ್ಮನ್ನು ಯಾರೂ ಕೇಳಿಲ್ಲ. ಕೇಳಿಕೊಳ್ಳುವ ಹಾಗೆ ಮಾಡಿದ್ದು ಇನ್ನಂಜೆಯ ಒಂದು ಮನೆಯ ಅಟ್ಟ.

ಮನೆ ನಮ್ಮಲ್ಲೊಬ್ಬನ ಅಜ್ಜನದು. ಅಜ್ಜ ಈಗಿಲ್ಲ. ಇನ್ನಂಜೆಯ ಪಕ್ಕದಲ್ಲೇ ಶಂಕರಪುರ. ಆ ಕಡೆ ಮಲ್ಲಿಗೆ ಗಿಡ ಇಲ್ಲದ ಅಂಗಳ ಹುಡುಕಬೇಕು. ಅಜ್ಜ ತಮ್ಮ ಮನೆಯ ಮಲ್ಲಿಗೆ ಲೆಕ್ಕವನ್ನು ವರ್ಷಗಟ್ಟಲೆ ಒಂದು ಪಿಸಿ ಎಕ್ಸ್‌ಟಿ ಮಾದರಿಯ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರು: ಇಂದು ಎಷ್ಟು ಚೆಂಡು, ಅಟ್ಟೆಗೆ ಎಷ್ಟು ರೇಟು. (ಬೇರೆ ಊರಿನವರಿಗೆ: ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ರೇಟು ದಿನಕ್ಕೊಂದು, ಮದುವೆ ಸೀಸನ್ನಿನಲ್ಲಿ ಅದರ ಕತೆಯೇ ಬೇರೆ.) ಅಜ್ಜಿ ಹೇಳಿದರು, "ಗುಜರಿಯವನಿಗೆ ಕೊಡುವ ಅಂತ ಇದ್ದೆ. ಆದರೆ ಅದರ ಒಳಗೆ ಅವರ ಲೆಕ್ಕ ಉಂಟು ಮಕ್ಳೆ. ಒಮ್ಮೆ ನೋಡ್ಲಿಕ್ಕೆ ಆಗ್ತದಾ?"

ಆಗ್ತದೆ ಅಜ್ಜಿ, ಎರಡು ದಿನದ ಕೆಲಸ ಅಂದೆವು. ಒಂದು ಇಡೀ ಸೆಮಿಸ್ಟರ್ ಹಿಡಿಯಿತು.

ಹಾರ್ಡ್ ಡಿಸ್ಕ್ ಬಿಚ್ಚಿ ಯುಎಸ್‌ಬಿಗೆ ಹಾಕಿದರೆ ಆಯ್ತಲ್ಲ ಅಂತ ನೀವು ಕೇಳಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ಅದು 20 ಎಂಬಿಯ ಎಂಎಫ್‌ಎಂ ಡಿಸ್ಕು. ಸಾಟಾ ಅಲ್ಲ, ಐಡಿಇಯೂ ಅಲ್ಲ. ಬಿಟ್ಟುಗಳನ್ನು ಬಿಡಿಸಿ ಓದುವ ಬುದ್ಧಿ ಡಿಸ್ಕಿನಲ್ಲಿ ಇಲ್ಲ, ಕಂಪ್ಯೂಟರಿನೊಳಗಿನ ಕಂಟ್ರೋಲರ್ ಕಾರ್ಡಿನಲ್ಲಿ ಉಂಟು. ಡಿಸ್ಕನ್ನು ಬರೆದ ಕಾರ್ಡೇ ಓದುವುದು ಕ್ಷೇಮ. ಅಂದರೆ ಆ ಯಂತ್ರವೇ ಎದ್ದು ಮಾತಾಡಬೇಕು.

ಕರಾವಳಿಯ ತೇವಕ್ಕೆ ಇಷ್ಟು ವರ್ಷ ಕೂತ ಯಂತ್ರಕ್ಕೆ ಸೀದಾ ಕರೆಂಟು ಕೊಡಬಾರದು. ಧೂಳು ತೆಗೆದು, ಪವರ್ ಸಪ್ಲೈಯನ್ನು ಬೇರೆಯಾಗಿ ಪರೀಕ್ಷಿಸಿ, 5 ಮತ್ತು 12 ವೋಲ್ಟ್ ಸರಿ ಬರ್ತದೆ ಅಂತ ನೋಡಿದ ಮೇಲೆ ಸ್ವಿಚ್ ಹಾಕಿದೆವು. ಫ್ಯಾನ್ ತಿರುಗಿತು, ಡಿಸ್ಕ್ ಕಿರುಗುಟ್ಟಿತು, ಒಂದು ಬೀಪ್ ಬಂತು. ಯಂತ್ರ ಬದುಕಿದೆ. ಆದರೆ ಅದರ ಜೊತೆಗಿದ್ದ ಮಾನಿಟರ್ ಸತ್ತಿತ್ತು. ಉಡುಪಿಯ ಹಳೆಯ ಟಿವಿ ಮೆಕ್ಯಾನಿಕ್ ಒಬ್ಬರು ನೋಡಿ, ಫ್ಲೈಬ್ಯಾಕ್ ಹೋಗಿದೆ, ಈ ಮಾಡೆಲ್ಲಿಂದು ಈಗ ಸಿಗುವುದಿಲ್ಲ ಅಂದರು. (ಸಿಆರ್‌ಟಿಯನ್ನು ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.)

ಸರಿ, 9 ಪಿನ್ನಿನಿಂದ 15 ಪಿನ್ನಿಗೆ ಒಂದು ಅಡಾಪ್ಟರ್ ತಂದು ಲ್ಯಾಬಿನ ಎಲ್‌ಸಿಡಿಗೆ ಸಿಕ್ಕಿಸಿದೆವು. 'ಸಿಗ್ನಲ್ ಇಲ್ಲ.' ಕೇಬಲ್ ಬದಲಿಸಿದೆವು. 'ಸಿಗ್ನಲ್ ಇಲ್ಲ.' ಆನ್‌ಲೈನಿನಲ್ಲಿ ಅಗ್ಗದ ಒಂದು ಕನ್ವರ್ಟರ್ ಬೋರ್ಡ್ ತರಿಸಿದೆವು. ಚಿತ್ರ ಜಾರಿ ಜಾರಿ ಬಿತ್ತು, ಒಂದು ಅಕ್ಷರವೂ ಓದಲಿಕ್ಕಾಗಲಿಲ್ಲ. ಫೋನ್ ಮಾಡಿದಾಗ ಅದೇ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ: "ಫ್ರೀಕ್ವೆನ್ಸಿ ಎಷ್ಟು ಅಂತ ನೋಡಿದ್ರಾ ಮಾರಾಯ್ರೆ?" ಇಂಜಿನಿಯರಿಂಗ್ ಓದುವ ಐದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನೋಡಿದಾಗ ಗೊತ್ತಾಯಿತು. ಒಳಗಿದ್ದದ್ದು ಹರ್ಕ್ಯುಲಿಸ್ ಮಾದರಿಯ ಕಪ್ಪುಬಿಳುಪು ಕಾರ್ಡು. ಅದು ಸೆಕೆಂಡಿಗೆ ಸುಮಾರು 18,432 ಅಡ್ಡಗೆರೆ ಎಳೆಯುತ್ತದೆ, ಪರದೆಯನ್ನು ಸುಮಾರು 50 ಸಲ ತುಂಬುತ್ತದೆ. 1987ರಲ್ಲಿ ಬಂದ ವಿಜಿಎ ಶುರುವಾಗುವುದೇ 31.5 ಕಿಲೋಹರ್ಟ್ಸ್‌ನಿಂದ; ಅದಕ್ಕಿಂತ ಅಷ್ಟು ಕೆಳಗಿನದ್ದನ್ನು ಈಗಿನ ಹೆಚ್ಚಿನ ಮಾನಿಟರುಗಳು ಸಿಗ್ನಲ್ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾತ್ರವಲ್ಲ, ವಿಜಿಎಯದು 0.7 ವೋಲ್ಟಿನ ಅನಲಾಗ್, ಇದು 5 ವೋಲ್ಟಿನ ಟಿಟಿಎಲ್. ಚುಕ್ಕಿ ಇದೆ, ಇಲ್ಲ, ಇನ್ನೂ ಜೋರಾಗಿದೆ, ಇಷ್ಟೇ ಅದರ ಭಾಷೆ. ಪಿನ್ನು ಬದಲಿಸುವ ಅಡಾಪ್ಟರ್ ಈ ಎರಡರಲ್ಲಿ ಯಾವುದನ್ನೂ ಬದಲಿಸುವುದಿಲ್ಲ. ಅದು ಬರೀ ತಂತಿ.

ಕೊನೆಗೆ ಕೆಲಸ ಆದದ್ದು ಆರ್‌ಜಿಬಿಟುಎಚ್‌ಡಿಎಂಐ ಎಂಬ ಮುಕ್ತ ಯೋಜನೆಯಿಂದ. ಒಂದು ರಾಸ್ಪ್‌ಬೆರಿ ಪೈ ಝೀರೋ, ಅದರ ಮೇಲೆ ಒಂದು ಸಿಪಿಎಲ್‌ಡಿ ಇರುವ ಸಣ್ಣ ಬೋರ್ಡು, ಅಷ್ಟೇ. ಸಿಪಿಎಲ್‌ಡಿ ಟಿಟಿಎಲ್ ಸಿಗ್ನಲನ್ನು ಚುಕ್ಕಿ ಚುಕ್ಕಿಯಾಗಿ ಹೆಕ್ಕಿ ಪೈಗೆ ಕೊಡುತ್ತದೆ, ಪೈ ಅದನ್ನು ಎಚ್‌ಡಿಎಂಐ ಮಾಡುತ್ತದೆ. ಮೂಲತಃ ಇದನ್ನು ಮಾಡಿದ್ದು ಬಿಬಿಸಿ ಮೈಕ್ರೋಗಾಗಿ. 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಕಂಪ್ಯೂಟರೂ ಅದೇ.

ಇಲ್ಲೂ ಸುಲಭಕ್ಕೆ ಆಗಲಿಲ್ಲ. ಮೊದಲ ಸಲ ಅಕ್ಷರಗಳು ನೀರಿನಲ್ಲಿ ಕಂಡ ಹಾಗೆ ಕಲಸಿಹೋಗಿದ್ದವು. ಕಾಗದ ಹಿಡಿದು ಕೂತೆವು. ಚುಕ್ಕಿಯ ಗಡಿಯಾರ 16.257 ಮೆಗಾಹರ್ಟ್ಸ್, 18,432ರಿಂದ ಭಾಗಿಸಿದರೆ ಗೆರೆಗೆ 882 ಚುಕ್ಕಿ. ಕಣ್ಣಿಗೆ ಕಾಣುವುದು 720, ಉಳಿದದ್ದು ಗೆರೆಯ ಕೊನೆಯಿಂದ ಮುಂದಿನ ಗೆರೆಯ ಮೊದಲಿಗೆ ಮರಳುವ ಸಮಯ. ನಾವು ಕೊಟ್ಟಿದ್ದ ಸಂಖ್ಯೆ ತಪ್ಪಿತ್ತು. 882 ಹಾಕಿದ ಕೂಡಲೇ ಅಕ್ಷರ ಕಡೆದಿಟ್ಟ ಹಾಗೆ ನಿಂತಿತು.

ಪರದೆಯ ಮೇಲೆ ಏನಿತ್ತು ಗೊತ್ತುಂಟಾ? 'ತಪ್ಪು ತಾರೀಖು', 'ತಪ್ಪು ತಾರೀಖು', 'ತಪ್ಪು ತಾರೀಖು', ಕೊನೆಗೆ 'ಹೊಸ ತಾರೀಖು ಕೊಡಿ'. ಆ ಯಂತ್ರದಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ, ಆದ್ದರಿಂದ ಎದ್ದ ಕೂಡಲೇ ಡಾಸ್ ತಾರೀಖು ಕೇಳುತ್ತದೆ. ಚಿತ್ರ ಬರುವ ಮೊದಲು ಆವತ್ತು ನಾವು ಕಣ್ಣು ಕಟ್ಟಿದವರ ಹಾಗೆ ಒಂದಷ್ಟು ಕಮಾಂಡ್ ಟೈಪ್ ಮಾಡಿದ್ದೆವು, ಸೀರಿಯಲ್ ಪೋರ್ಟಿನಿಂದಾದರೂ ಏನಾದರೂ ಬಂದೀತು ಅಂತ. ಯಂತ್ರ ಕೆಟ್ಟಿದೆ ಅಂತ ನಾವು ಬೈದುಕೊಳ್ಳುತ್ತಿದ್ದಾಗ ಅದು ಪಾಪ, ಇವತ್ತು ಯಾವ ದಿನ ಅಂತ ಕೇಳುತ್ತಾ ಕೂತಿತ್ತು.

ತಾರೀಖು ಕೊಟ್ಟೆವು. ಲೋಟಸ್ 1-2-3 ತೆರೆಯಿತು. ಒಂದೊಂದು ವರ್ಷದ ಲೆಕ್ಕವನ್ನೂ ಪಠ್ಯ ಕಡತವಾಗಿ ಮುದ್ರಿಸಿ, ಸೀರಿಯಲ್ ಪೋರ್ಟಿನಲ್ಲಿ 9600 ಬಾಡ್‌ಗೆ ಲ್ಯಾಪ್‌ಟಾಪಿಗೆ ಕಳಿಸಿದೆವು. ಸೆಕೆಂಡಿಗೆ 960 ಅಕ್ಷರ, ಸಾಕು. ಕೆಲವು ತಿಂಗಳು ಓದಲಾಗಲಿಲ್ಲ, ಡಿಸ್ಕಿನ ಆ ಜಾಗ ಸತ್ತಿದೆ. ಉಳಿದದ್ದು ಬಂತು.

ರೇಟಿನ ಪಕ್ಕ ಒಂದು ಕಾಲಮ್ಮಿತ್ತು. ಅದರಲ್ಲಿ ಅಲ್ಲಲ್ಲಿ ಇಂಗ್ಲಿಷಿನಲ್ಲಿ ಎಂ, ಎ, ಎಲ್, ಇ. ಗಂಡಸರ ಲೆಕ್ಕ ಯಾಕೆ ಅಂತ ನಾವು ತಲೆ ಕೆರೆದುಕೊಂಡೆವು. ಅಜ್ಜಿ ನಕ್ಕುಬಿಟ್ಟರು. "ಗಂಡಸರು ಎಂತ? ಅದು ಮಳೆ. ಮಳೆ ಬಂದ ದಿನ." ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ, ಅಜ್ಜ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದಿದ್ದರು. ನಾವು ಈಗ ವಾಟ್ಸ್ಆ್ಯಪಿನಲ್ಲಿ ಬರೆಯುವ ಹಾಗೆ. ಅವರಿಗೆ ಬೇರೆ ದಾರಿ ಇರಲಿಲ್ಲ, ನಮಗೆ ಉಂಟು.

ಆ ದಾರಿ ಸುಮ್ಮನೆ ಬಂದದ್ದಲ್ಲ. 1982ರ ಹರ್ಕ್ಯುಲಿಸ್ ಕಾರ್ಡನ್ನು ವಾನ್ ಸುವನ್ನುಕುಲ್ ಮಾಡಿದ್ದೇ ಐಬಿಎಂ ಪಿಸಿಯಲ್ಲಿ ತನ್ನ ಥಾಯ್ ಲಿಪಿಯಲ್ಲಿ ಪ್ರಬಂಧ ಬರೆಯಬೇಕು ಅಂತ. ಐಬಿಎಂನ ಕಪ್ಪುಬಿಳುಪು ಕಾರ್ಡು ತನ್ನಲ್ಲೇ ಅಚ್ಚು ಹಾಕಿಟ್ಟ ಅಕ್ಷರಗಳನ್ನು ಬಿಟ್ಟು ಬೇರೆ ತೋರಿಸುತ್ತಿರಲಿಲ್ಲ. ನಮ್ಮ ಕಡೆ ಕಿನ್ನಿಕಂಬಳದ ಕೆ.ಪಿ. ರಾವ್ ಅವರು 'ಸೇಡಿಯಾಪು' ತಂತ್ರಾಂಶ ಮತ್ತು ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. 'ನುಡಿ'ಯಲ್ಲಿ ನಾವು ಒತ್ತುವುದು ಅದೇ ವಿನ್ಯಾಸದ ಕೀಲಿಗಳನ್ನು. ಪರದೆಯ ಮೇಲೆ ಯಾವ ಚುಕ್ಕಿ ಬೆಳಗಬೇಕು ಅನ್ನುವುದು ಬರೀ ಹಾರ್ಡ್‌ವೇರ್ ಪ್ರಶ್ನೆ ಅಲ್ಲ, ಯಾರ ಭಾಷೆ ಕಾಣಬೇಕು ಅನ್ನುವ ಪ್ರಶ್ನೆಯೂ ಹೌದು.

ಇಷ್ಟಕ್ಕೆ ಒಂದು ಸೆಮಿಸ್ಟರ್ ಬೇಕಿತ್ತಾ, ಎಮ್ಯುಲೇಟರ್ ಇಲ್ಲವಾ ಅಂತ ಕೆಲವು ಗೆಳೆಯರು ಕೇಳಿದರು. ಎಮ್ಯುಲೇಟರಿನಲ್ಲಿ ಲೋಟಸ್ ಓಡ್ತದೆ, ಒಪ್ಪಿದೆವು. ಅಜ್ಜನ ಲೆಕ್ಕ ಅದರಲ್ಲಿ ಎಲ್ಲಿಂದ ಬರಬೇಕು? ಹಳೆಯದೆಲ್ಲ ಉಳಿಸಿ ಅಂತ ನಾವು ಹೇಳುತ್ತಿಲ್ಲ, ಅಷ್ಟು ಜಾಗವೂ ಯಾರಲ್ಲೂ ಇಲ್ಲ. ಒಳಗಿರುವುದನ್ನು ಒಮ್ಮೆ ನೋಡಿ, ಬೇಕಾದ್ದನ್ನು ತೆಗೆದ ಮೇಲೆ ಗುಜರಿಗೆ ಹೋಗಲಿ.

ಅದಕ್ಕೆ ನಮ್ಮ ಬೇಡಿಕೆ ಸಣ್ಣದು. ಕಾಲೇಜಿನ ಲ್ಯಾಬಿನಲ್ಲಿ ಒಂದು ಕಪಾಟು: ನಡೆಯುವ ಒಂದು ಸಿಆರ್‌ಟಿ, ಒಂದು ಕನ್ವರ್ಟರ್, ಒಂದು ಸೀರಿಯಲ್ ಕೇಬಲ್, ಮತ್ತು ಯಾವ ಕಾರ್ಡಿಗೆ ಎಷ್ಟು ಕಿಲೋಹರ್ಟ್ಸ್, ಎಷ್ಟು ವೋಲ್ಟ್ ಅಂತ ಬರೆದಿಟ್ಟ ಒಂದು ಹಾಳೆ. ಇಂಥ ಕೆಲಸವನ್ನು ಮಿನಿ ಪ್ರಾಜೆಕ್ಟ್ ಅಂತ ಒಪ್ಪಿಕೊಳ್ಳಬೇಕು. ಹತ್ತನೇ ಸಲ ಅದೇ ಲೈನ್ ಫಾಲೋವರ್ ರೋಬೋ ಮಾಡುವುದಕ್ಕಿಂತ ಇದರಲ್ಲಿ ಕಲಿಯಲಿಕ್ಕೆ ಜಾಸ್ತಿ ಉಂಟು. ನಾವಂತೂ ಸ್ಯಾಂಪ್ಲಿಂಗ್ ಅಂದರೆ ಏನು ಅಂತ ಕಲಿತದ್ದು ಆ 882ರಿಂದಲೇ.

ನಿಮಗೂ ಒಂದು ಮಾತು. ರಜೆಯಲ್ಲಿ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಕಂಪ್ಯೂಟರ್ ಸಿಕ್ಕಿದರೆ ಮೊದಲು ಕೇಬಲ್ ಹುಡುಕಬೇಡಿ, ಒಳಗೆ ಯಾವ ಕಾರ್ಡು ಉಂಟು ನೋಡಿ.

ಲೆಕ್ಕವನ್ನೆಲ್ಲ ಪ್ರಿಂಟ್ ಹಾಕಿ ಅಜ್ಜಿಗೆ ಕೊಟ್ಟು ಬಂದಿದ್ದೇವೆ. ಈ ಸಲ 'ಮಳೆ' ಅಂತ ಕನ್ನಡದಲ್ಲೇ ಉಂಟು.