ಫ್ರೀ ಅಂದ್ರೆ ಎಷ್ಟು ಫ್ರೀ? ಭಾಗ 3: ಎಡಿಟರ್‌ನಲ್ಲಿ ಓಡದ ವಿಡಿಯೋ

ಫೆಸ್ಟ್ ಸೀಸನ್ ಬಂತು. ಕ್ಲಾಸ್ ಗ್ರೂಪಲ್ಲಿ ಮತ್ತೆ ಅದೇ ಮೆಸೇಜು: "ಫೋನಲ್ಲಿ ಓಡತ್ತೆ, ವಿಎಲ್‌ಸಿಲಿ ಓಡತ್ತೆ, ಎಡಿಟರ್‌ಗೆ ಹಾಕಿದ್ರೆ ಸೌಂಡ್ ಮಾತ್ರ, ಚಿತ್ರ ಇಲ್ಲ." ಒಬ್ಬ "ಹೊಸ ಲ್ಯಾಪ್‌ಟಾಪ್ ತಗೋ" ಅಂತಾನೆ. ಇನ್ನೊಬ್ಬ ಕ್ರ್ಯಾಕ್ ಲಿಂಕ್ ಕಳಿಸ್ತಾನೆ. ಎರಡೂ ಬೇಡ ಅಂತ ನನ್ನ ವಾದ.

ಎಂಪಿ4 ಅನ್ನೋದು ಬರೀ ಡಬ್ಬಿ. ಒಳಗಿರೋದು ಚಿತ್ರಾನ್ನನೋ ಉಪ್ಪಿಟ್ಟೋ, ಮುಚ್ಚಳ ನೋಡಿದ್ರೆ ಗೊತ್ತಾಗಲ್ಲ. ಒಳಗಿನ ವಿಡಿಯೋನ ಕುಗ್ಗಿಸಿ ಇಡೋ ವಿಧಾನಕ್ಕೆ ಕೋಡೆಕ್ ಅಂತಾರೆ. 2003ರದ್ದು ಎಚ್.264. ಅದರ ಮುಂದಿನದು 2013ರ ಎಚ್.265, ಅಂದ್ರೆ ಎಚ್‌ಇವಿಸಿ. ಐಫೋನ್‌ಗಳು 2017ರ ಐಒಎಸ್ 11ರಿಂದ ಇದರಲ್ಲಿ ರೆಕಾರ್ಡ್ ಮಾಡೋಕೆ ಶುರು ಮಾಡಿದ್ವು.

ಈಗ ನಮ್ಮ ಬಿಕಾಂ ಲೆಕ್ಕ. ಈ ಎರಡೂ ಕೋಡೆಕ್‌ಗಳ ಹಿಂದೆ ಹಲವು ಕಂಪನಿಗಳ ಪೇಟೆಂಟ್‌ಗಳಿವೆ. ಇವನ್ನ ಬಳಸೋ ಪ್ರಾಡಕ್ಟ್‌ಗೆ, ಒಂದು ಮಿತಿ ದಾಟಿದ ಮೇಲೆ, ಕಾಪಿ ಲೆಕ್ಕದಲ್ಲಿ ರಾಯಲ್ಟಿ ಬೀಳತ್ತೆ. ಅಂದ್ರೆ ನಮಗೆ ಸೊನ್ನೆ ರೂಪಾಯಿಗೆ ಸಿಗೋ ಸಾಫ್ಟ್‌ವೇರ್‌ಗೂ ಅತ್ತ ಕಡೆ ವೇರಿಯಬಲ್ ಕಾಸ್ಟ್ ಇರತ್ತೆ. ವಿಂಡೋಸ್‌ಗೆ ಎಚ್‌ಇವಿಸಿ ಎಕ್ಸ್‌ಟೆನ್ಶನ್‌ನ ಮೈಕ್ರೋಸಾಫ್ಟ್ ಬೇರೆಯಾಗಿಯೇ ಮಾರತ್ತೆ.

ಡಾವಿಂಚಿ ರಿಸಾಲ್ವ್ ನೋಡಿ. ಫ್ರೀ ಆವೃತ್ತಿ ನಿಜಕ್ಕೂ ಸಖತ್ತಾಗಿದೆ. ಆದ್ರೆ ಲಿನಕ್ಸ್‌ನಲ್ಲಿ ಅದು ಎಚ್.264 ಆಗ್ಲಿ 265 ಆಗ್ಲಿ ಓದಲ್ಲ. ಅದಕ್ಕೆ 295 ಡಾಲರ್‌ನ ಸ್ಟುಡಿಯೋ ಬೇಕು. ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕ್ಕೊಂಡು ಓಡಿಸೋರು ಯಾರು? ದುಡ್ಡಿಲ್ಲದ ನಮ್ಮಂಥೋರೇ. ಪೆಟ್ಟೂ ಅವರಿಗೇ.

ಹಾಗಾದ್ರೆ ಏನ್ ಮಾಡೋದು?

1. ವಿಎಲ್‌ಸಿಲಿ ಟೂಲ್ಸ್ > ಕೋಡೆಕ್ ಇನ್ಫರ್ಮೇಶನ್ ತೆಗೆದು, ನಿಮ್ಮ ಕ್ಲಿಪ್ ಯಾವ ಕೋಡೆಕ್‌ನಲ್ಲಿದೆ ಅಂತ ಮೊದಲು ನೋಡಿ.

2. ವಿಂಡೋಸ್‌ನಲ್ಲಿ ಎಚ್‌ಇವಿಸಿ ಮಾತ್ರ ಓಡ್ತಿಲ್ವಾ? ಐಫೋನ್ ಇರೋರು ಶೂಟ್‌ಗೆ ಮುಂಚೆಯೇ ಸೆಟ್ಟಿಂಗ್ಸ್ > ಕ್ಯಾಮೆರಾ > ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಇಡಿ.

3. ಕೆಡೆನ್‌ಲೈವ್ ಅಥವಾ ಶಾಟ್‌ಕಟ್ ಟ್ರೈ ಮಾಡಿ. ಇವು ಎಫ್‌ಎಫ್‌ಎಂಪೆಗ್ ಬಳಸ್ತವೆ, ಹಾಗಾಗಿ ಈ ಫೈಲ್‌ಗಳು ಓಡ್ತವೆ.

4. ರಿಸಾಲ್ವೇ ಬೇಕು ಅಂದ್ರೆ ಎಫ್‌ಎಫ್‌ಎಂಪೆಗ್‌ನಿಂದ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಬದಲಾಯಿಸಿ, ಆಡಿಯೋ ಪಿಸಿಎಂ ಇರಲಿ. ಫೈಲ್ ಸೈಜ್ ಹಲವು ಪಟ್ಟು ಊದತ್ತೆ, ಹಾರ್ಡ್ ಡಿಸ್ಕ್ ಖಾಲಿ ಇಟ್ಕೊಳ್ಳಿ.

ಕಂಪನಿ ದುಡ್ಡು ಕೇಳೋದು ತಪ್ಪಲ್ಲ. ನನ್ನ ತಕರಾರು ಬೇರೆ. "ಫ್ರೀ" ಅಂತ ದಪ್ಪ ಅಕ್ಷರದಲ್ಲಿ ಹಾಕೋರು, ಯಾವ ಕೋಡೆಕ್ ಓಡಲ್ಲ ಅನ್ನೋದನ್ನೂ ಡೌನ್‌ಲೋಡ್ ಬಟನ್ ಪಕ್ಕದಲ್ಲೇ ಬರೀಬೇಕು. ಹಲವು ಜಿಬಿ ಡೇಟಾ ಖರ್ಚು ಮಾಡಿದ ಮೇಲೆ ಗೊತ್ತಾದ್ರೆ ಏನು ಪ್ರಯೋಜನ? ಹಾಗೇ ಕ್ರ್ಯಾಕ್ ಹುಡುಕೋರಿಗೂ ಒಂದು ಮಾತು: ಅದರ ಜೊತೆ ಬರೋ ವೈರಸ್ಸು ನಿಮ್ಮ ಪ್ರಾಜೆಕ್ಟನ್ನೂ ತಿನ್ನತ್ತೆ, ಪಾಸ್‌ವರ್ಡನ್ನೂ ತಿನ್ನತ್ತೆ.

ಲ್ಯಾಪ್‌ಟಾಪ್ ಇಎಂಐಗೆ ಸೈನ್ ಹಾಕೋ ಮುಂಚೆ ಕೋಡೆಕ್ ಚೆಕ್ ಮಾಡಿ. ನಿಮ್ಮ ಕ್ಲಿಪ್‌ದು ಯಾವುದು ಬಂತು ಅಂತ ಕಾಮೆಂಟಲ್ಲಿ ಹಾಕಿ 👇

ಭಾಗ 4: ರಾಯಲ್ಟಿ ಕೇಳದೆ 2018ರಲ್ಲಿ ಬಂದ ಎವಿ1.

#ಫ್ರೀಅಂದ್ರೆಎಷ್ಟುಫ್ರೀ #ಕನ್ನಡಟೆಕ್ #ಬಿಕಾಂಲೆಕ್ಕ