ರೈಲು ನಿಲ್ದಾಣದ ಗೋಡೆಯೂ ಕಾಯುವವರ ಕಣ್ಣೂ

ಶಹಾಪುರ, ಸುರಪುರ ತಾಲೂಕುಗಳ ಜನರಿಗೆ ರೈಲು ಎಂದರೆ ಯಾದಗಿರಿ ಎಂದೇ ಅರ್ಥ. ಮುಂಬಯಿಗೆ ಹೋಗುವವನಿರಲಿ, ಬೆಂಗಳೂರಿಗೆ ಹೊರಟವನಿರಲಿ, ಗಂಟುಮೂಟೆ ಕಟ್ಟಿಕೊಂಡು ಬಸ್ಸು ಹತ್ತಿ, ಭೀಮಾ ನದಿಯನ್ನು ದಾಟಿ ಯಾದಗಿರಿಗೆ ಬರಬೇಕು. ಬಸ್ಸಿನ ವೇಳೆ ಬಸ್ಸಿನದು, ಗಾಡಿಯ ವೇಳೆ ಗಾಡಿಯದು. ಇವೆರಡೂ ಹೊಂದಿಕೆಯಾದ ದಿನ ವಿರಳ. ಗಾಡಿ ತಪ್ಪೀತೆಂಬ ಅಂಜಿಕೆಯಿಂದ ಎರಡು ಮೂರು ತಾಸು ಮೊದಲೇ ಬಂದು ಕೂಡುವುದು ಹಳ್ಳಿಗರ ರೂಢಿ. ಹಾಗೆ ಕುಳಿತವನ ಕೈಗೆ ಕೆಲಸವಿಲ್ಲ. ಬಾಯಿಗೆ ಒಂದು ಕಪ್ಪು ಚಹಾದ ಹೊರತು ಬೇರೆ ಉದ್ಯೋಗವಿಲ್ಲ. ಕಣ್ಣೊಂದು ಮಾತ್ರ ಗೋಡೆಯಿಂದ ಗೋಡೆಗೆ ಅಲೆಯುತ್ತಿರುತ್ತದೆ. ರೈಲ್ವೆ ಜಾಹೀರಾತು ಬದುಕಿರುವುದೇ ಈ ಅಲೆಯುವ ಕಣ್ಣಿನ ಮೇಲೆ.

ವೃತ್ತಪತ್ರಿಕೆಯ ಜಾಹೀರಾತು ಬೇಡವಾದರೆ ಪುಟ ಮಗುಚಬಹುದು. ಮನೆಯ ದೂರದರ್ಶನವನ್ನು ಆರಿಸಬಹುದು. ನಿಲ್ದಾಣದ ಗೋಡೆಯನ್ನು ಮಗುಚಲು ಬಾರದು, ಅಲ್ಲಿಯ ಧ್ವನಿವರ್ಧಕದ ಕಿವಿ ಹಿಂಡಲು ಬಾರದು. ಕೇಳುವವನಿಗೆ ಎದ್ದು ಹೋಗುವ ಸ್ವಾತಂತ್ರ್ಯವಿಲ್ಲದ ಸ್ಥಳದಲ್ಲಿ ಮಾತನಾಡುವವನಿಗೆ ಹೆಚ್ಚಿನ ಸಂಯಮವಿರಬೇಕಾದುದು ನ್ಯಾಯ. ಕೆಲವು ಫಲಕಗಳು ತಲೆಮಾರುಗಳವರೆಗೆ ನೆನಪಿನಲ್ಲಿ ಉಳಿಯುತ್ತವೆ. ಕೆಲವು ಗಾಡಿ ಬರುವ ಮೊದಲೇ ತಲೆನೋವು ತರುತ್ತವೆ. ಖರ್ಚು ಮಾಡಿದ ಹಣಕ್ಕೂ ಈ ಭೇದಕ್ಕೂ ಸಂಬಂಧವಿದ್ದಂತೆ ತೋರುವುದಿಲ್ಲ. ಕಾಯುತ್ತ ಕುಳಿತ ಮನುಷ್ಯನಿಗೆ ಆ ಹೊತ್ತಿನಲ್ಲಿ ಏನು ಬೇಕಾಗಿದೆ ಎಂದು ಫಲಕ ಬರೆಸಿದವನು ವಿಚಾರಿಸಿದ್ದನೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಗಳು ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯ ಹಳಿಗಳನ್ನು ಕೂಡಿದವು. ನಿಜಾಮರ ಸೀಮೆಯೊಳಗಿನ ಯಾದಗಿರಿ ಆ ಹಾದಿಯ ಮೇಲೆ ಬಿದ್ದಿತು. ನಾಯಕ ಅರಸರ ರಾಜಧಾನಿಯಾಗಿದ್ದ ಸುರಪುರವೂ ಬೆಟ್ಟದ ಬುಡದ ಶಹಾಪುರವೂ ಹಾದಿಯ ಹೊರಗುಳಿದವು. ಇಂದು ಈ ನಿಲ್ದಾಣದಲ್ಲಿ ಅತಿ ಹೆಚ್ಚು ಜನ ಓದುವ ಬರಹ ಯಾವುದೆಂದರೆ ಊರಿನ ಹೆಸರು ಬರೆದ ಹಳದಿ ಫಲಕ. ಅದನ್ನು ಯಾರೂ ಜಾಹೀರಾತೆಂದು ಕರೆಯಲಾರರು. ಆದರೂ ಜಾಹೀರಾತುಗಾರರು ಕಲಿಯಬೇಕಾದ ಪಾಠವೆಲ್ಲ ಅದರಲ್ಲಿದೆ. ಹಳದಿ ನೆಲದ ಮೇಲೆ ಕಪ್ಪು ಅಕ್ಷರ, ಮೊದಲು ರಾಜ್ಯದ ಭಾಷೆ, ನಂತರ ಹಿಂದಿ, ಇಂಗ್ಲಿಷ್. ಕೆಳಗೆ ಸಮುದ್ರ ಮಟ್ಟದಿಂದ ಆ ಸ್ಥಳದ ಎತ್ತರ. ನಡುರಾತ್ರಿಯಲ್ಲಿ ನಿದ್ದೆಗಣ್ಣಿನಿಂದ ಕಿಟಕಿಗೆ ಮುಖವಿಟ್ಟವನು ಕೇಳುವ ಪ್ರಶ್ನೆ ಒಂದೇ: ಇದು ಯಾವ ಊರು? ಫಲಕವು ಅದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಅಕ್ಷರಾಭ್ಯಾಸ ಆಗತಾನೆ ಆರಂಭವಾದ ಎಷ್ಟೋ ಬಾಲಕರು ಶಾಲೆಯ ಹೊರಗೆ ಮೊದಲು ಕೂಡಿಸಿ ಓದಿದ ಶಬ್ದ ಇಂಥ ಫಲಕದ್ದೇ ಆಗಿರುತ್ತದೆ. ಸಮುದ್ರವನ್ನು ಕಂಡೇ ಇಲ್ಲದ ಹುಡುಗನು ಆ ಸಮುದ್ರದ ಮಾತು ಇಲ್ಲಿಗೇಕೆ ಬಂತೆಂದು ತಂದೆಯನ್ನು ಕೇಳುವುದೂ, ತಂದೆಯಾದವನು ಶೇಂಗಾ ಕೊಡಿಸಿ ಮಾತು ಮರೆಸುವುದೂ ನಿಲ್ದಾಣಗಳಲ್ಲಿ ಹೊಸದಲ್ಲ. ಭೂಗೋಳದ ಉಪಾಧ್ಯಾಯರು ಇದರ ಉಪಯೋಗ ಪಡೆಯಬೇಕು.

ಮಾರಾಟದ ಉದ್ದೇಶವಿದ್ದೂ ಜನರಿಗೆ ಹಿತವಾದ ಜಾಹೀರಾತುಗಳಿಲ್ಲವೆಂದಲ್ಲ. ಚಹಾದ ಕಥೆಯೇ ಇದಕ್ಕೆ ನಿದರ್ಶನ. ರಫ್ತಾಗುವ ಚಹಾದ ಮೇಲೆ 1903ರ ಕಾಯಿದೆಯಂತೆ ಎತ್ತಿದ ಸುಂಕದ ಹಣದಿಂದ, ತೋಟಗಾರರು ಈ ದೇಶದೊಳಗೇ ಚಹಾದ ರೂಢಿಯನ್ನು ಹಬ್ಬಿಸಲು ಹೊರಟರು. ಅವರು ಹುಡುಕಿಕೊಂಡ ಮುಖ್ಯ ಸ್ಥಳಗಳಲ್ಲಿ ರೈಲು ನಿಲ್ದಾಣವೂ ಒಂದು. ದೇಶಭಾಷೆಗಳಲ್ಲಿ ಬರೆದ ಎನಾಮಲ್ ತಗಡಿನ ಫಲಕಗಳನ್ನು ತೂಗುಹಾಕಿದರು. ಚಹಾ ಕುಡಿಯಿರಿ ಎಂದು ಗದ್ದಲ ಮಾಡುವುದಕ್ಕಿಂತ, ನೀರನ್ನು ಹೇಗೆ ಕುದಿಸಬೇಕು, ಎಲೆಯನ್ನು ಎಷ್ಟು ಹೊತ್ತು ನೆನೆಯಿಡಬೇಕು, ಹಾಲು ಸಕ್ಕರೆಗಳನ್ನು ಯಾವಾಗ ಬೆರೆಸಬೇಕು ಎಂಬುದನ್ನು ಚಿತ್ರಸಹಿತ ಬರೆಸಿದ್ದರು. ಕಾಯುತ್ತಿದ್ದವನಿಗೆ ಓದಲು ಒಂದು ವಿಷಯ, ಮನೆಗೆ ಒಯ್ಯಲು ಒಂದು ವಿದ್ಯೆ, ಎದುರಿಗೇ ಕುಡಿಯಲು ಒಂದು ಅಂಗಡಿ. ಜನರು ಚಹಾ ಕಲಿತರು; ಫಲಕದ ವಿಧಾನವನ್ನು ಬದಿಗಿಟ್ಟು ಹಾಲು, ನೀರು, ಸಕ್ಕರೆ, ಪುಡಿ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕುದಿಸಿದರು ಎಂಬುದು ಬೇರೆ ಮಾತು!

ದಿಲ್ಲಿಯವರೆಗೆ ರೈಲಿನಲ್ಲಿ ಹೋಗಿಬಂದವರು ಇನ್ನೊಂದು ಬಗೆಯ ಬರಹವನ್ನು ಬಲ್ಲರು. ರಾಜಧಾನಿ ಸಮೀಪಿಸಿದಂತೆ ಹಳಿಗಳ ಬದಿಯ ಗೋಡೆಗಳ ಮೇಲೆ, ವಧೂವರರನ್ನು ಕೂಡಿಸುವ ಒಬ್ಬ ಪ್ರೊಫೆಸರರ ‘ರಿಶ್ತೇ ಹೀ ರಿಶ್ತೇ’ ಎಂಬ ಪ್ರಚಾರ ದಶಕಗಳ ಕಾಲ ಕಾಣಿಸುತ್ತಿತ್ತು. ಸಂಬಂಧಗಳೇ ಸಂಬಂಧಗಳು ಎಂದರ್ಥ. ಚಿತ್ರವಿಲ್ಲ, ಚೆಲುವೆಯಿಲ್ಲ, ಸುಣ್ಣದ ಗೋಡೆಯ ಮೇಲೆ ದಪ್ಪ ಅಕ್ಷರ, ಒಂದು ವಿಳಾಸ. ಆ ಮನುಷ್ಯನು ಓಡುವ ಗಾಡಿಯ ಗುಟ್ಟನ್ನು ಅರಿತಿದ್ದನು. ಕಿಟಕಿಯಲ್ಲಿ ಕುಳಿತವನಿಗೆ ಒಂದು ಗೋಡೆ ದೊರೆಯುವುದು ಎರಡು ಮೂರು ಕ್ಷಣ ಮಾತ್ರ. ಆ ಕ್ಷಣದಲ್ಲಿ ಮುಗಿಯುವಷ್ಟೇ ಮಾತು ಬರೆದು, ಮುಂದಿನ ಗೋಡೆಯ ಮೇಲೆ ಅದನ್ನೇ ಪುನಃ ಬರೆಸಿದನು. ಓದಿದವರು ಬೇಸರಪಡುವ ಬದಲು ಎಣಿಸತೊಡಗಿದರು. ಕನ್ನಡ ನಾಡಿನ ಪ್ರಯಾಣಿಕನು ಹಿಂದಿ ಬಾರದಿದ್ದರೂ ಆ ಮೂರು ಶಬ್ದಗಳನ್ನು ಕಲಿತು ಊರಿಗೆ ಮರಳಿದನು.

ರೈಲ್ವೆಯು ತನ್ನ ಪರವಾಗಿ ತಾನೇ ಮಾಡಿಕೊಂಡ ಪ್ರಚಾರದಲ್ಲಿ ‘ಭೋಲು’ ಎಂಬ ಆನೆಯನ್ನು ಮರೆಯಲಾಗದು. ಬೋರಿಬಂದರದಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಓಡಿದ ಮೊದಲ ಪ್ರಯಾಣಿಕರ ಗಾಡಿಯ ನೂರೈವತ್ತನೆಯ ವರ್ಷಾಚರಣೆಗಾಗಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರು ರೂಪಿಸಿದ ಈ ಲಾಂಛನವು 2002ರ ಏಪ್ರಿಲ್ 16ರಂದು ಬೆಂಗಳೂರಿನಲ್ಲಿ ಅನಾವರಣಗೊಂಡಿತು. ಯಾದಗಿರಿಯ ಮೇಲೆ ಹಾಯ್ದುಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಅಂದು ಆ ಆನೆಯೇ ನಿಶಾನೆ ತೋರಿಸಿತು. ಗಾರ್ಡನ ನೀಲಿ ಅಂಗಿ, ಕೈಯಲ್ಲಿ ಹಸಿರು ಕಂದೀಲು. ದೊಡ್ಡ ದೇಹ, ಸೌಮ್ಯ ಸ್ವಭಾವ, ಭಾರ ಹೊರುವ ಕೆಲಸ ಇವು ಆನೆಗೂ ರೈಲಿಗೂ ಸಮಾನವಾದ ಗುಣಗಳು. ವಿವರಣೆ ಇಲ್ಲದೆಯೇ ಮಗುವಿಗೆ ತಿಳಿಯುತ್ತದೆ. 2003ರಲ್ಲಿ ಅದನ್ನು ರೈಲ್ವೆಯ ಶಾಶ್ವತ ಲಾಂಛನವಾಗಿ ಉಳಿಸಿಕೊಂಡದ್ದು ಯೋಗ್ಯವಾಯಿತು.

ಇನ್ನು ಬೇಸರದ ಮಾತು. 2017ರ ಜನವರಿಯಲ್ಲಿ ರೈಲ್ವೆ ಇಲಾಖೆಯು ಪ್ರಯಾಣದರದ ಹೊರತಾದ ಆದಾಯವನ್ನು ಹೆಚ್ಚಿಸುವ ನೀತಿಯನ್ನು ಪ್ರಕಟಿಸಿತು. ಗಾಡಿಗಳ ಮೈ, ನಿಲ್ದಾಣದ ಗೋಡೆ, ಪರದೆ ಎಲ್ಲವೂ ಬಾಡಿಗೆಗೆ ದೊರೆಯುವಂತಾದವು. ಇದನ್ನು ಸಾರಾಸಗಟಾಗಿ ಹಳಿಯುವುದು ಸರಿಯಲ್ಲ. ಬಡವನ ಟಿಕೀಟಿನ ದರ ಏರದಿರಬೇಕಾದರೆ ಎಲ್ಲಿಂದಾದರೂ ಹಣ ಬರಲೇಬೇಕು. ಆದರೆ ಜಾಹೀರಾತಿನ ಹಾಳೆಯನ್ನು ಬೋಗಿಯ ಕಿಟಕಿಗಳ ಮೇಲೂ ಮೆತ್ತಿದಾಗ, ಒಳಗಿನವನು ಹೊರಗಿನ ಹೊಲಗದ್ದೆಗಳನ್ನು ಮಂಜಿನೊಳಗಿಂದ ನೋಡಬೇಕಾಗುತ್ತದೆ. ಅವನು ಹಣ ತೆತ್ತ ಕಿಟಕಿಯನ್ನು ಇನ್ನೊಬ್ಬರಿಗೆ ಮಾರಿದಂತಾಯಿತು. ಗಾಡಿಯ ಸೂಚನೆಗಳ ನಡುನಡುವೆ ಸಾಬೂನು, ಬಂಗಾರದ ಅಂಗಡಿಗಳ ಸ್ತುತಿ ಕೇಳಿಸಿದಾಗ ಹಾನಿ ಇನ್ನೂ ದೊಡ್ಡದು. ಸತತ ಗದ್ದಲಕ್ಕೆ ಒಗ್ಗಿದ ಕಿವಿಯು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ. ಗಾಡಿಯು ಬೇರೆ ಪ್ಲಾಟ್‌ಫಾರ್ಮಿಗೆ ಬರಲಿದೆ ಎಂಬ ಮಾತು ಕೂಡ ಅದೇ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಮೊಣಕಾಲು ನೋವಿನ ಮುದುಕಿಯೊಬ್ಬಳು ಕೊನೆಯ ಗಳಿಗೆಯಲ್ಲಿ ಗಂಟು ಹೊತ್ತು ಮೇಲ್ಸೇತುವೆ ಹತ್ತಬೇಕಾಗಿ ಬಂದರೆ, ಆ ಸಾಬೂನಿನ ಹೆಸರು ಅವಳಿಗೆ ನೆನಪಿರುವುದು ಶಾಪ ಹಾಕಲು ಮಾತ್ರ.

ಭಾಷೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಯಾದಗಿರಿ ನಿಲ್ದಾಣವಿರುವುದು ಆಂಧ್ರದಲ್ಲಿ ಕಚೇರಿಯುಳ್ಳ ಗುಂತಕಲ್ ವಿಭಾಗದಲ್ಲಿ. ಈ ಸೀಮೆಯ ಜನ ಕನ್ನಡದೊಡನೆ ಉರ್ದುವನ್ನೂ ತೆಲುಗನ್ನೂ ಲಂಬಾಣಿಯನ್ನೂ ಬಳಸಿ ಬಾಳಿದವರು. ಅನ್ಯಭಾಷೆ ಕಂಡರೆ ಮುಖ ತಿರುಗಿಸುವವರಲ್ಲ. ಅವರಿಗೆ ಮುಜುಗರವಾಗುವುದು ಹಿಂದಿಯ ವಾಕ್ಯಕ್ಕೆ ಕನ್ನಡ ಲಿಪಿಯ ಅಂಗಿ ತೊಡಿಸಿ ನಿಲ್ಲಿಸಿದಾಗ. ಅಕ್ಷರ ಗುರುತು ಸಿಗುತ್ತದೆ, ಅರ್ಥ ಸಿಗುವುದಿಲ್ಲ. ಬಹುದೂರದ ಕಚೇರಿಯಲ್ಲಿ ಅನುವಾದವಾದ ಇಂಥ ಬರಹದ ಕರಡನ್ನು ಸ್ಥಳೀಯ ಕನ್ನಡ ಉಪಾಧ್ಯಾಯರೊಬ್ಬರ ಕಣ್ಣಿಗೆ ಒಮ್ಮೆ ಬೀಳಿಸಲು ಎಷ್ಟು ಹೊತ್ತು ಬೇಕು?

ಹಣ ತರುವ ಜಾಹೀರಾತಿಗಿಂತ ಪ್ರಾಣ ಉಳಿಸುವ ಜಾಹೀರಾತಿನಲ್ಲಿ ಹೆಚ್ಚಿನ ಬುದ್ಧಿವಂತಿಕೆ ಬೇಕು. ಹಳಿ ದಾಟುವುದು ಅಪರಾಧ ಎಂಬ ಫಲಕವನ್ನು ಓದಿ ಮುಗಿಸಿಯೇ ಹಳಿಗೆ ಇಳಿಯುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. 1989ರ ರೈಲ್ವೆ ಕಾಯಿದೆಯಲ್ಲಿ ಇದಕ್ಕೆ ಆರು ತಿಂಗಳವರೆಗಿನ ಸೆರೆವಾಸವೋ ಸಾವಿರ ರೂಪಾಯಿಯವರೆಗಿನ ದಂಡವೋ ಇದೆ. ಕಾಯಿದೆಗೆ ಅಂಜಿ ಮೇಲ್ಸೇತುವೆ ಹತ್ತಿದವರು ಕಡಿಮೆ. ಮುಂಬಯಿಯ ವಡಾಲಾ ನಿಲ್ದಾಣದ ಬಳಿ 2009-10ರ ಸುಮಾರಿಗೆ ನಡೆದ ಒಂದು ಪ್ರಯೋಗ ಇಲ್ಲಿ ವಿಚಾರಾರ್ಹ. ದೊಡ್ಡ ವಸ್ತುವು ತನ್ನ ನಿಜವಾದ ವೇಗಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ಮನುಷ್ಯನ ಕಣ್ಣಿಗೆ ಭ್ರಮೆಯಾಗುತ್ತದೆ; ಆದ್ದರಿಂದಲೇ ದಾಟಬಹುದೆಂಬ ಧೈರ್ಯ. ಅದಕ್ಕಾಗಿ ಹಳಿಯ ಕೆಳಗಿನ ಕೆಲವು ದಿಮ್ಮಿಗಳಿಗೆ ಹಳದಿ ಬಣ್ಣ ಬಳಿದರು. ಗಾಡಿಯು ಅವುಗಳನ್ನು ನುಂಗುತ್ತ ಬರುವುದನ್ನು ಕಂಡು ವೇಗದ ಅಂದಾಜು ಸಿಕ್ಕಿತು. ಗಾಡಿಗೆ ಸಿಲುಕಲಿರುವ ಮನುಷ್ಯನ ಮುಖದ ಮೂರು ಚಿತ್ರಗಳನ್ನು, ಜನ ದಾಟುವ ಜಾಗದಲ್ಲಿಯೇ ನಿಲ್ಲಿಸಿದರು. ಬೋಧೆಯ ಮಾತು ಒಂದೂ ಇರಲಿಲ್ಲ. ಅಲ್ಲಿ ಸಾವುಗಳು ಇಳಿದವು.

ನಗಿಸಿ ಎಚ್ಚರಿಸುವ ದಾರಿಯೂ ಉಂಟು. 2012ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ರೈಲ್ವೆಯವರು ‘ಡಂಬ್ ವೇಸ್ ಟು ಡೈ’ ಎಂಬ ವಿನೋದದ ಹಾಡನ್ನು ಹೊರಡಿಸಿದರು. ಅದು ಜಗತ್ತಿನ ಮಕ್ಕಳ ಬಾಯಲ್ಲೆಲ್ಲ ನಲಿಯಿತು. 2019ರಲ್ಲಿ ಮುಂಬಯಿಯ ಪಶ್ಚಿಮ ರೈಲ್ವೆಯವರು ಯಮಧರ್ಮನ ವೇಷದವನನ್ನು ಹಳಿಗಳ ಮೇಲೆ ಬಿಟ್ಟು, ದಾಟುವವರನ್ನು ಹೆಗಲ ಮೇಲೆ ಹೊತ್ತು ತರಿಸಿದರು. ಬಯಲಾಟದ ಯಮನನ್ನು ಕಂಡ ಈ ಸೀಮೆಯವರಿಗೆ ಇದು ಹಿಡಿಸುವ ಉಪಾಯವೇ ಸರಿ. ಆದರೆ ಮೂರನೆಯ ದಿನಕ್ಕೆ ಯಮನೂ ಪರಿಚಿತನಾಗುತ್ತಾನೆ, ಅವನೊಡನೆ ಫೋಟೋ ತೆಗೆಸಿಕೊಳ್ಳುವವರ ಸಾಲು ಬೆಳೆಯುತ್ತದೆ. ಬಣ್ಣ ಬಳಿದ ದಿಮ್ಮಿ ಮಾತ್ರ ರಾತ್ರಿ ಹಗಲು ತನ್ನ ಕೆಲಸ ಮಾಡುತ್ತಿರುತ್ತದೆ.

ಯಾದಗಿರಿಯ ಪ್ಲಾಟ್‌ಫಾರ್ಮಿನ ಮೇಲೆ ಗೋಡೆಯ ಬರಹ ಯಾರಿಗೆ ಅತ್ಯಗತ್ಯ? ಸುಗ್ಗಿ ಮುಗಿದ ಮೇಲೆ ಗುಳೆ ಹೊರಡುವ ಕುಟುಂಬಗಳಿಗೆ. ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆಂದು ಸಾಮಾನ್ಯ ಬೋಗಿಯ ಮುಂದೆ ನೂಕುನುಗ್ಗಲಿನಲ್ಲಿ ನಿಂತ ತಾಯಿಯ ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಪಾತ್ರೆಯ ಚೀಲ. ಆರು ವರ್ಷದ ಹುಡುಗಿ ಅವಳ ಸೆರಗು ಹಿಡಿದಿರುತ್ತಾಳೆ. ಸೆರಗು ಕೈ ಜಾರಿದರೆ? ಮಕ್ಕಳ ಸಹಾಯವಾಣಿ 1098 ಎಂಬುದೂ, ರೈಲ್ವೆಯ ಸಹಾಯವಾಣಿ 139 ಎಂಬುದೂ ಆ ತಾಯಿಗೆ ಬಾಯಿಪಾಠವಾಗಿರಬೇಕಾಗಿತ್ತು. ಈ ಸಂಖ್ಯೆಗಳು ನಿಲ್ದಾಣಗಳಲ್ಲಿ ಇಲ್ಲವೆಂದಲ್ಲ. ಚಲನಚಿತ್ರ ನಟರ ಆಳೆತ್ತರದ ನಗುಮುಖದ ಪಕ್ಕದಲ್ಲಿ, ಕನ್ನಡಕ ಹಾಕಿಕೊಂಡು ಹುಡುಕಬೇಕಾದ ಅಕ್ಷರಗಳಲ್ಲಿ ಇರುತ್ತವೆ. ಕರ್ನಾಟಕದಲ್ಲಿ ಗುಟಖಾ 2013ರಲ್ಲಿಯೇ ನಿಷೇಧವಾಗಿದ್ದರೂ ಅದರ ಸೋದರನಾದ ಏಲಕ್ಕಿಯ ಹೆಸರಿನ ಪ್ರಚಾರಕ್ಕೆ ಇಡೀ ಗೋಡೆ ಸಿಗುವುದಾದರೆ, ಕಳೆದುಹೋದ ಮಗುವಿನ ಸಂಖ್ಯೆಗೆ ಒಂದು ಗೇಣು ಜಾಗ ಸಾಲದು.

ದಾನಿಗಳ ಲಕ್ಷ್ಯಕ್ಕೂ ಒಂದು ಮಾತು ತರಬಹುದು. ನಿಲ್ದಾಣಕ್ಕೆ ಕಲ್ಲು ಬೆಂಚು, ಕುಡಿಯುವ ನೀರಿನ ತೊಟ್ಟಿ ಮಾಡಿಸಿಕೊಟ್ಟ ಉದಾರಿಗಳು ಎಲ್ಲೆಡೆ ಇದ್ದಾರೆ. ಬೇಸಿಗೆಯ ಅರವಟ್ಟಿಗೆಯಲ್ಲಿ ನೀರು ಕುಡಿದವನು ಇಟ್ಟವರ ಹೆಸರನ್ನು ತಾನಾಗಿ ಕೇಳಿ ತಿಳಿಯುತ್ತಾನೆ. ಹಾಗೆಯೇ ಸಹಾಯವಾಣಿಯ ಎರಡು ಸಂಖ್ಯೆಗಳನ್ನು ಒಳ್ಳೆಯ ಕನ್ನಡದಲ್ಲಿ, ಹಳದಿ ಫಲಕದಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ, ಕೆಳಗೆ ಸಣ್ಣದಾಗಿ ಕೊಟ್ಟವರ ಹೆಸರಿಟ್ಟರೆ ಅದು ಅವರ ಅಂಗಡಿಗೂ ಒಳ್ಳೆಯ ಜಾಹೀರಾತೇ ಆಗುತ್ತದೆ.

2013-14ರಲ್ಲಿ ಮಂಜೂರಾದ ಗದಗ-ವಾಡಿ ಮಾರ್ಗವು ಕುಷ್ಟಗಿ, ಲಿಂಗಸುಗೂರುಗಳನ್ನು ಹಾದು ಸುರಪುರ, ಶಹಾಪುರಗಳ ಮೂಲಕ ವಾಡಿಯನ್ನು ಸೇರತಕ್ಕದ್ದು. 2025ರ ಮೇ ತಿಂಗಳಲ್ಲಿ ಗಾಡಿ ಕುಷ್ಟಗಿಯವರೆಗೆ ಬಂದಿತು. ಅದು ಪೂರ್ಣವಾದ ದಿನ ಈ ಎರಡು ಊರುಗಳಿಗೂ ತಮ್ಮವೇ ಆದ ಹಳದಿ ಫಲಕಗಳು ದೊರೆಯುತ್ತವೆ. ಜೊತೆಗೆ ಉದ್ದವಾದ, ಖಾಲಿಯಾದ ಗೋಡೆಗಳೂ ದೊರೆಯುತ್ತವೆ. ಗೋಡೆಯ ಬಾಡಿಗೆಗೆ ಟೆಂಡರು ಕರೆಯುವ ಮೊದಲೇ, ಪ್ರಯಾಣಿಕನಿಗೆ ಬೇಕಾದ ಬರಹಕ್ಕೆ ಎಷ್ಟು ಅಡಿ, ಮಾರಾಟದ ಬರಹಕ್ಕೆ ಎಷ್ಟು ಅಡಿ ಎಂಬ ಅಳತೆಯನ್ನು ಊರಿನ ಹಿರಿಯರೂ ಉಪಾಧ್ಯಾಯರೂ ಕೂಡಿ ಕುಳಿತು ಬರೆದು, ರೈಲ್ವೆಯವರಿಗೆ ಒಪ್ಪಿಸುವುದು ಉಚಿತ.